ಕೆಂಪು ಮಣ್ಣಲ್ಲಿ ಇತಿಹಾಸ ಹೆಕ್ಕಿದ ಸೈಕಲ್ ವ್ಯಾಪಾರಿ

ಕೈಯಲ್ಲಿ ಕಾಸಿಲ್ಲ, ಕಾಲೇಜು ಮೆಟ್ಟಿಲು ಹತ್ತಿದವರಲ್ಲ, ಹೊಟ್ಟೆಪಾಡಿಗೆ ಸೈಕಲ್ ಮೇಲೆ ವ್ಯಾಪಾರ. ಇಂಥವರೊಬ್ಬರಿಂದಾಗಿ ಜಪಾನಿನ ಇತಿಹಾಸದ ಪುಸ್ತಕವನ್ನೇ ತಿದ್ದಬೇಕಾಯ್ತು. ಅವರು ತದಾಹಿರೊ ಐಝಾವಾ.

1926ರಲ್ಲಿ ಟೋಕಿಯೊದಲ್ಲಿ ಹುಟ್ಟಿದರು. ಅಪ್ಪ-ಅಮ್ಮ ಬೇರೆಯಾದರು, ಆಡುವ ವಯಸ್ಸಲ್ಲೇ ಚಪ್ಪಲಿ ಅಂಗಡಿ ಕೆಲಸಕ್ಕೆ ಸೇರಬೇಕಾಯ್ತು. ಮುಂದೆ ನೌಕಾಪಡೆ. ಯುದ್ಧ ಮುಗಿದ ಮೇಲೆ ಗುನ್ಮಾ ಪ್ರಾಂತ್ಯದ ಕಿರ್ಯು ಎಂಬ ಊರಿಗೆ ಬಂದು, ಸೋಯಾ ಕಾಳಿನಿಂದ ಮಾಡುವ ‘ನಾಟೊ’ ಎಂಬ ತಿನಿಸನ್ನು ಮಾರಿ ಬದುಕಿದರು. ಚಿಕ್ಕಂದಿನಿಂದಲೂ ಅವರಿಗೆ ಹಳೇ ಮಡಕೆ ಚೂರು, ಕಲ್ಲು ಹುಡುಕುವ ಹುಚ್ಚು.

1946ರಲ್ಲಿ ಇವಾಜುಕು ಎಂಬಲ್ಲಿ ಗುಡ್ಡ ಕಡಿದು ಮಾಡಿದ ದಾರಿಯ ಪಕ್ಕ, ಕೆಂಪು ಮಣ್ಣಿನ ಗೋಡೆಯಲ್ಲಿ ಕಲ್ಲಿನ ಸಣ್ಣ ಚಕ್ಕೆಗಳು ಕಣ್ಣಿಗೆ ಬಿದ್ದವು. ಆ ಮಣ್ಣು ಜ್ವಾಲಾಮುಖಿಯ ಬೂದಿ. ಬೂದಿ ಸುರಿಯುತ್ತಿದ್ದ ಕಾಲದಲ್ಲಿ ಜಪಾನಿನಲ್ಲಿ ಮನುಷ್ಯರೇ ಇರಲಿಲ್ಲ ಅಂತ ಪಂಡಿತರು ನಂಬಿದ್ದರು. ಅಗೆಯುವಾಗ ಕೆಂಪು ಮಣ್ಣು ಬಂತೆಂದರೆ ಅಲ್ಲಿಗೇ ಕೆಲಸ ನಿಲ್ಲಿಸುತ್ತಿದ್ದರು.

ಐಝಾವಾ ಬಿಡಲಿಲ್ಲ. ಮೂರು ವರ್ಷ ವ್ಯಾಪಾರದ ನಡುವೆಯೇ ಹುಡುಕಿದರು. 1949ರ ಬೇಸಿಗೆಯಲ್ಲಿ ಅದೇ ಮಣ್ಣಿನಲ್ಲಿ ಆಬ್ಸಿಡಿಯನ್ ಕಲ್ಲಿನ ಈಟಿಮೊನೆ ಸಿಕ್ಕಿತು. ಲಾವಾ ಬೇಗನೆ ತಣ್ಣಗಾದಾಗ ಆಗುವ, ಗಾಜಿನಂಥ ಕಲ್ಲದು. ಒಡೆದರೆ ಬ್ಲೇಡಿನಂಥ ಅಂಚು ಬರುತ್ತದೆ. ಆದರೆ ಎಲ್ಲ ಕಡೆ ಸಿಗುವಂಥದ್ದಲ್ಲ. ಆ ಕಾಲದ ಜನ ಇದನ್ನು ನಾಗಾನೊ ಬೆಟ್ಟಗಳಿಂದ ತರುತ್ತಿದ್ದರು. ಕೊಝು ದ್ವೀಪದಿಂದ ಸಮುದ್ರ ದಾಟಿಸಿಯೂ ತಂದಿದ್ದರು ಎಂಬುದು ನಂತರ ತಿಳಿಯಿತು. ಒಳ್ಳೆ ಕಲ್ಲಿಗಾಗಿ ಅಷ್ಟು ದೂರ!

ತಮಗೆ ಸಿಕ್ಕಿದ ಕಲ್ಲುಗಳನ್ನು ತೋರಿಸಲು ಐಝಾವಾ ನೂರು ಕಿಲೋಮೀಟರಿಗೂ ಹೆಚ್ಚು ದೂರದ ಟೋಕಿಯೊಗೆ ಸೈಕಲ್ ತುಳಿದರು. ಮೇಜಿ ವಿಶ್ವವಿದ್ಯಾಲಯದ ಚೋಸುಕೆ ಸೆರಿಝಾವಾ ಅವುಗಳ ಬೆಲೆ ಅರಿತರು. ಅದೇ ಸೆಪ್ಟೆಂಬರಿನಲ್ಲಿ ಸೊಸುಕೆ ಸುಗಿಹಾರಾ ನೇತೃತ್ವದ ತಂಡ ಇವಾಜುಕುವಿನಲ್ಲಿ ಅಗೆದಾಗ ಕೆಂಪು ಮಣ್ಣಿನಿಂದ ಕಲ್ಲಿನ ಆಯುಧಗಳು ಹೊರಬಂದವು. ಜಪಾನಿನಲ್ಲಿ ಮನುಷ್ಯರ ಕಥೆ ಒಮ್ಮೆಲೇ ಸಾವಿರಾರು ವರ್ಷ ಹಿಂದಕ್ಕೆ ಹೋಯಿತು. ಇವಾಜುಕುವಿನ ಕೆಳಪದರದ ಆಯುಧಗಳು ಸುಮಾರು 35,000 ವರ್ಷ ಹಳೆಯವು ಅನ್ನುವುದು ಇಂದಿನ ಲೆಕ್ಕ.

ಹೆಸರು ಮಾತ್ರ ವಿಶ್ವವಿದ್ಯಾಲಯದ ಪಾಲಾಯ್ತು. ಬೆವರು ಸುರಿಸಿ ಮೊದಲು ಕಂಡವರನ್ನು ಊರಿನ ಸಹಾಯಕ ಅನ್ನುವಷ್ಟಕ್ಕೇ ನಿಲ್ಲಿಸಿದರು. ಆದರೂ ಐಝಾವಾ ಹುಡುಕಾಟ ನಿಲ್ಲಿಸಲಿಲ್ಲ. ಗುನ್ಮಾದಲ್ಲಿ ಇನ್ನೂ ಹಲವು ಹಳೆಯ ನೆಲೆಗಳನ್ನು ಪತ್ತೆಹಚ್ಚಿದರು. ಮನ್ನಣೆ ತಡವಾಗಿ ಬಂತು. 1967ರಲ್ಲಿ ಯೋಶಿಕಾವಾ ಎಯಿಜಿ ಸಂಸ್ಕೃತಿ ಪ್ರಶಸ್ತಿ ಸಿಕ್ಕಿತು, 1979ರಲ್ಲಿ ಇವಾಜುಕು ರಾಷ್ಟ್ರೀಯ ಸ್ಮಾರಕವಾಯ್ತು.

ಐಝಾವಾ ತೀರಿಕೊಂಡದ್ದು 1989ರಲ್ಲಿ. ಈಗ ಕಿರ್ಯುವಿನಲ್ಲಿ ಅವರ ಹೆಸರಿನಲ್ಲೇ ಒಂದು ಮ್ಯೂಸಿಯಂ ಇದೆ. ಅಂದು ನಾಟೊ ಮಾರುತ್ತಾ ಓಡಾಡಿದವರ ಹೆಸರನ್ನು ಇಂದು ಜಪಾನಿನ ಶಾಲೆ ಮಕ್ಕಳು ಓದುತ್ತಾರೆ.