ತೀರ್ಥಯಾತ್ರೆಯ ಪುಣ್ಯವನ್ನು ಲೋಕಕ್ಕೆ ಹಂಚಿದ ಶ್ರೀ ವಾದಿರಾಜತೀರ್ಥರು

ದೂರದ ಕ್ಷೇತ್ರಗಳನ್ನು ಒಮ್ಮೆಯಾದರೂ ಕಣ್ಣಾರೆ ಕಾಣಬೇಕೆಂಬ ಹಂಬಲ ಪ್ರತಿಯೊಬ್ಬ ಆಸ್ತಿಕನ ಮನಸ್ಸಿನಲ್ಲಿಯೂ ಇರುತ್ತದೆ. ಕಾಶಿ, ಬದರಿ, ದ್ವಾರಕೆ, ರಾಮೇಶ್ವರ ಎಂಬ ಹೆಸರುಗಳನ್ನು ಬಾಲ್ಯದಿಂದಲೂ ಕೇಳುತ್ತ ಬೆಳೆದವರು ಅಲ್ಲಿಗೆ ಹೋಗುವ ದಿನಕ್ಕಾಗಿ ಕಾಯುತ್ತಾರೆ. ಹೋಗಿ ಬಂದವರು ತಾವು ಕಂಡುದನ್ನು ಹೇಳುತ್ತಾರೆ. ಹೋಗಲಾಗದವರು ಕೇಳಿ ಕೃತಾರ್ಥರಾಗುತ್ತಾರೆ. ಹೀಗೆ ಕಂಡುದನ್ನು ಕಾಣದವರಿಗೆ ಹೇಳುವ ಕಾರ್ಯವನ್ನು ಒಂದು ಶಾಸ್ತ್ರೀಯ ಕೃತಿಯ ಎತ್ತರಕ್ಕೆ ಒಯ್ದ ಮಹಾನುಭಾವರು ಶ್ರೀ ವಾದಿರಾಜತೀರ್ಥ ಶ್ರೀಪಾದಂಗಳವರು. ಅವರ ನೂರಿಪ್ಪತ್ತು ವರ್ಷಗಳ ದೀರ್ಘ ಜೀವನವನ್ನು ಯಾತ್ರೆಯ ದೃಷ್ಟಿಯಿಂದ ನೋಡಿದಾಗ, ಅವರು ನಡೆದ ದಾರಿ ಎಷ್ಟು ದೊಡ್ಡದೋ ಅದನ್ನು ಇತರರಿಗಾಗಿ ತೆರೆದಿಟ್ಟ ಔದಾರ್ಯವೂ ಅಷ್ಟೇ ದೊಡ್ಡದೆಂಬುದು ತಿಳಿಯುತ್ತದೆ.

ಅವತಾರ ಮತ್ತು ಆಶ್ರಮಸ್ವೀಕಾರ

ಕುಂಭಾಶಿಯ ಸಮೀಪದಲ್ಲಿರುವ ಹೂವಿನಕೆರೆ ಎಂಬ ಪುಟ್ಟ ಗ್ರಾಮವು ಶ್ರೀ ವಾದಿರಾಜರ ಜನ್ಮಭೂಮಿ. ಶಾರ್ವರಿ ಸಂವತ್ಸರದ ಮಾಘ ಶುದ್ಧ ದ್ವಾದಶಿಯು ಅವರ ಅವತಾರದ ದಿನ. ವಾಡಿಕೆಯ ಲೆಕ್ಕದಲ್ಲಿ ಅದು ಕ್ರಿ.ಶ. 1480. ಸಂತಾನವಿಲ್ಲದೆ ಕೊರಗುತ್ತಿದ್ದ ರಾಮಾಚಾರ್ಯ ದಂಪತಿಗಳು ಶ್ರೀ ವಾಗೀಶತೀರ್ಥರ ಬಳಿಗೆ ಬಂದು ಪ್ರಾರ್ಥಿಸಿದರೆಂದೂ, ಹುಟ್ಟುವ ಮಗುವು ಮನೆಯ ಒಳಗೆ ಜನಿಸಿದರೆ ತಂದೆತಾಯಿಗಳಿಗೆ, ಹೊರಗೆ ಜನಿಸಿದರೆ ಮಠಕ್ಕೆ ಎಂಬ ಒಪ್ಪಂದವಾಯಿತೆಂದೂ ಸಂಪ್ರದಾಯವು ಹೇಳುತ್ತದೆ. ದ್ವಾದಶಿಯ ದಿನ ಗದ್ದೆಗೆ ನುಗ್ಗಿದ ಹಸುವನ್ನು ಅಟ್ಟಲು ತಾಯಿಯು ಹೊರಗೆ ಹೋದಾಗ ಗದ್ದೆಯಲ್ಲಿಯೇ ಶಿಶುವಿನ ಜನನವಾಯಿತು. ಮನೆಯ ಹೊರಗೆ ಹುಟ್ಟಿದ ಆ ಶಿಶುವಿಗೆ ಮುಂದೆ ಇಡೀ ಭರತಖಂಡವೇ ಮನೆಯಾದುದು ಭಗವತ್ಸಂಕಲ್ಪವೇ ಸರಿ.

ಭೂವರಾಹನೆಂಬ ಹೆಸರಿನ ಆ ಬಾಲಕನು ಎಳೆಯ ವಯಸ್ಸಿನಲ್ಲಿಯೇ ಶ್ರೀ ವಾಗೀಶತೀರ್ಥರಿಂದ ಸಂನ್ಯಾಸಾಶ್ರಮವನ್ನು ಸ್ವೀಕರಿಸಿ ಶ್ರೀ ವಾದಿರಾಜತೀರ್ಥರೆನಿಸಿದನು. ಶ್ರೀಮದಾಚಾರ್ಯರ ಸೋದರರಾದ ಶ್ರೀ ವಿಷ್ಣುತೀರ್ಥರಿಂದ ಆರಂಭವಾದ ಪರಂಪರೆಯು ಈ ಯತಿವರೇಣ್ಯರಿಂದ ಹೊಸ ಕಾಂತಿಯನ್ನು ಪಡೆಯಿತು. ವಿಜಯನಗರದಲ್ಲಿ ಶ್ರೀ ವ್ಯಾಸರಾಜರ ಸನ್ನಿಧಾನದಲ್ಲಿಯೂ ಅವರು ಶಾಸ್ತ್ರಾಧ್ಯಯನ ಮಾಡಿದರೆಂಬುದು ಪ್ರಸಿದ್ಧವಾಗಿದೆ.

ಪರ್ಯಾಯದ ಹೊಸ ವ್ಯವಸ್ಥೆ

ಶ್ರೀ ವಾದಿರಾಜರ ಯಾತ್ರಾಜೀವನವನ್ನು ಅರಿಯಬೇಕಾದರೆ ಉಡುಪಿಯ ಪರ್ಯಾಯವ್ಯವಸ್ಥೆಯನ್ನು ಮೊದಲು ನೆನೆಯಬೇಕು. ಶ್ರೀಮದಾಚಾರ್ಯರು ಶ್ರೀಕೃಷ್ಣಪೂಜೆಗಾಗಿ ನಿಯಮಿಸಿದ ಕ್ರಮದಂತೆ ಎಂಟು ಮಠಗಳ ಯತಿಗಳು ತಲಾ ಎರಡು ತಿಂಗಳು ಪೂಜೆಯನ್ನು ನಡೆಸುತ್ತಿದ್ದರು. ಹದಿನಾರು ತಿಂಗಳಿಗೊಮ್ಮೆ ಸರದಿಯು ಮರಳಿ ಬರುತ್ತಿತ್ತು. ನಡುವೆ ದೊರೆಯುತ್ತಿದ್ದುದು ಹದಿನಾಲ್ಕು ತಿಂಗಳು ಮಾತ್ರ. ಕಾಲ್ನಡಿಗೆಯೇ ಗತಿಯಾಗಿದ್ದ ಆ ಕಾಲದಲ್ಲಿ ಇಷ್ಟು ಅವಧಿಯೊಳಗೆ ಬದರಿಗೆ ಹೋಗಿ, ದಾರಿಯ ಊರುಗಳಲ್ಲಿ ಪಾಠಪ್ರವಚನಗಳನ್ನು ನಡೆಸಿ, ಶಿಷ್ಯರನ್ನು ಉದ್ಧರಿಸಿ ಉಡುಪಿಗೆ ಮರಳುವುದು ಅತ್ಯಂತ ಕಷ್ಟಕರವಾಗಿತ್ತು. ಯಾತ್ರೆಯ ಹಂಬಲವಿದ್ದರೂ ಸರದಿಯ ಬಂಧನವಿತ್ತು; ಸರದಿಯನ್ನು ಬಿಟ್ಟು ಯಾತ್ರೆ ಮಾಡುವುದು ಊಹೆಗೂ ನಿಲುಕದ ಮಾತಾಗಿತ್ತು.

ಈ ಸಂದಿಗ್ಧವನ್ನು ಶ್ರೀ ವಾದಿರಾಜರು ಅದ್ಭುತವಾಗಿ ಪರಿಹರಿಸಿದರು. ಎರಡು ತಿಂಗಳ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿ, ಹದಿನಾರು ವರ್ಷಗಳಿಗೊಮ್ಮೆ ಸರದಿಯು ಬರುವಂತೆ ಏರ್ಪಡಿಸಿದರು. ಪೂಜೆಯ ನಿಯಮಕ್ಕೆ ಸ್ವಲ್ಪವೂ ಚ್ಯುತಿಯಿಲ್ಲದೆ ಪ್ರತಿಯೊಬ್ಬ ಯತಿಗೂ ಹದಿನಾಲ್ಕು ವರ್ಷಗಳ ಅವಕಾಶವು ಅಧ್ಯಯನ, ಧರ್ಮಪ್ರಸಾರ ಮತ್ತು ಸಂಚಾರಕ್ಕಾಗಿ ಒದಗಿತು. ಹೊಸ ಕ್ರಮದ ಮೊದಲ ಪರ್ಯಾಯವು 1522ರಲ್ಲಿ ಪಲಿಮಾರು ಮಠದಿಂದ ಆರಂಭವಾಯಿತು. 2018ರಲ್ಲಿ ಅದೇ ಮಠದ ಪರ್ಯಾಯದೊಂದಿಗೆ ಈ ವ್ಯವಸ್ಥೆಯ 32ನೆಯ ಚಕ್ರವು ಪ್ರಾರಂಭವಾದುದನ್ನು ನೆನೆದರೆ, ಐದು ಶತಮಾನಗಳ ಹಿಂದಿನ ಅವರ ದೂರದೃಷ್ಟಿಯು ಎಂಥದೆಂದು ಮನವರಿಕೆಯಾಗುತ್ತದೆ. ಸ್ವತಃ ಶ್ರೀ ವಾದಿರಾಜರು 1532, 1548, 1564 ಮತ್ತು 1580ರಲ್ಲಿ ಪರ್ಯಾಯಪೀಠವನ್ನು ಏರಿದರು. 1596ರ ಐದನೆಯ ಪರ್ಯಾಯವನ್ನು ಶಿಷ್ಯರಾದ ಶ್ರೀ ವೇದವೇದ್ಯತೀರ್ಥರಿಂದ ನೆರವೇರಿಸಿದರು.

ಕಾಲ್ನಡಿಗೆಯ ಭಾರತಯಾತ್ರೆ

ಶ್ರೀ ವಾದಿರಾಜರು ಭಾರತವನ್ನು ಎರಡು ಬಾರಿ ಸಂಚರಿಸಿದರೆಂದು ಸಂಪ್ರದಾಯವು ಹೇಳುತ್ತದೆ. ಆ ಕಾಲದ ಸಂಚಾರವೆಂದರೆ ಇಂದಿನ ಸುಖಪ್ರಯಾಣವಲ್ಲ. ಉಡುಪಿಯಿಂದ ಬದರಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚಿನ ದಾರಿ. ಘಟ್ಟಗಳನ್ನು ಹತ್ತಬೇಕು, ಸೇತುವೆಗಳಿಲ್ಲದ ಮಹಾನದಿಗಳನ್ನು ದಾಟಬೇಕು, ಚಾತುರ್ಮಾಸ್ಯ ಬಂದಾಗ ಒಂದೆಡೆ ನಿಲ್ಲಬೇಕು. ಮೂರು ಸಾವಿರ ಮೀಟರಿಗೂ ಎತ್ತರದಲ್ಲಿರುವ ಬದರಿಯು ವರ್ಷದ ಸುಮಾರು ಆರು ತಿಂಗಳು ಹಿಮದಿಂದ ಮುಚ್ಚಿರುತ್ತದೆ. ಸಮಯ ತಪ್ಪಿದರೆ ದರ್ಶನವೂ ತಪ್ಪಿತು. ಇವೆಲ್ಲದರ ಜೊತೆಗೆ ಸಂಸ್ಥಾನದ ಪ್ರತಿಮೆಗಳ ನಿತ್ಯಪೂಜೆಯು ದಾರಿಯುದ್ದಕ್ಕೂ ನಿಲ್ಲದೆ ನಡೆಯಬೇಕು.

ರಾಜಕೀಯವಾಗಿಯೂ ಅದು ತಳಮಳದ ಕಾಲ. ಶ್ರೀಗಳ ಜೀವಿತಾವಧಿಯಲ್ಲಿಯೇ 1526ರಲ್ಲಿ ದೆಹಲಿಯಲ್ಲಿ ಮೊಗಲರ ಆಳ್ವಿಕೆಯು ಆರಂಭವಾಯಿತು; 1565ರ ಯುದ್ಧದ ನಂತರ ವೈಭವದ ವಿಜಯನಗರವು ಹಾಳಾಯಿತು. ರಾಜ್ಯಗಳ ಗಡಿಗಳು ಬದಲಾದರೂ ತೀರ್ಥಗಳ ದಾರಿ ಬದಲಾಗಲಿಲ್ಲ. ಸಂಚಾರದ ಮಧ್ಯೆ ಪುಣೆಯ ವಿದ್ವತ್ಸಭೆಯಲ್ಲಿ ಮಾಘಕಾವ್ಯಕ್ಕೆ ಸಾಟಿಯಾದ ಕೃತಿಯು ತಮ್ಮಲ್ಲಿದೆಯೆಂದು ಹೇಳಿ, ಹತ್ತೊಂಬತ್ತು ಸರ್ಗಗಳ ರುಕ್ಮಿಣೀಶವಿಜಯವನ್ನು ಹತ್ತೊಂಬತ್ತು ದಿನಗಳಲ್ಲಿ ರಚಿಸಿದರೆಂಬ ಐತಿಹ್ಯವು ಮಾಧ್ವರ ಮನೆಮನೆಗಳಲ್ಲಿ ಪ್ರಚಲಿತವಾಗಿದೆ.

ತೀರ್ಥಪ್ರಬಂಧವೆಂಬ ಅಕ್ಷರಪ್ರದಕ್ಷಿಣೆ

ಇಂತಹ ಸಂಚಾರದ ಫಲವೇ ತೀರ್ಥಪ್ರಬಂಧ. ಸುಮಾರು 235 ಶ್ಲೋಕಗಳ ಈ ಸಂಸ್ಕೃತ ಕೃತಿಯು ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣ ಎಂಬ ನಾಲ್ಕು ಪ್ರಬಂಧಗಳಾಗಿ ವಿಭಾಗಗೊಂಡಿದೆ. ಈ ಕ್ರಮವನ್ನು ಗಮನಿಸಬೇಕು. ಪಶ್ಚಿಮದಿಂದ ಉತ್ತರಕ್ಕೆ, ಅಲ್ಲಿಂದ ಪೂರ್ವಕ್ಕೆ, ಕೊನೆಗೆ ದಕ್ಷಿಣಕ್ಕೆ ಸಾಗುವ ದಾರಿಯು ದೇವಾಲಯದಲ್ಲಿ ಭಕ್ತರು ಮಾಡುವ ಪ್ರದಕ್ಷಿಣೆಯ ದಾರಿಯೇ ಆಗಿದೆ. ಇಡೀ ಭಾರತವನ್ನು ಭಗವಂತನ ಒಂದು ಆಲಯವೆಂದು ಭಾವಿಸಿ, ಅದನ್ನು ಬಲಗಡೆಗೆ ಇಟ್ಟುಕೊಂಡು ಸುತ್ತಿಬರುವಂತೆ ಈ ಗ್ರಂಥದ ರಚನೆಯಿದೆ.

ಯಾತ್ರೆಯ ಆರಂಭವು ದೂರದ ಊರಿನಿಂದಲ್ಲ. ಶ್ರೀಮದಾಚಾರ್ಯರ ಜನ್ಮಭೂಮಿಯಾದ ಪಾಜಕ, ಶ್ರೀಕೃಷ್ಣನ ಉಡುಪಿ ಮೊದಲಾದ ಸ್ವಂತ ನಾಡಿನ ಕ್ಷೇತ್ರಗಳಿಂದ. ತನ್ನೂರಿನ ಮಹಿಮೆಯನ್ನು ಅರಿಯದೆ ಕಾಶಿಗೆ ಹೋದರೆ ಯಾತ್ರೆಯು ಪೂರ್ಣವಾಗದೆಂಬ ತತ್ತ್ವವು ಈ ಆರಂಭದಲ್ಲಿಯೇ ಅಡಗಿದೆ. ಅನಂತರ ಕುಂಭಾಶಿ, ಕೊಲ್ಲೂರು, ಗೋಕರ್ಣ, ಕೊಲ್ಲಾಪುರಗಳ ಮೂಲಕ ದ್ವಾರಕೆಯವರೆಗೆ. ಉತ್ತರದಲ್ಲಿ ಪ್ರಯಾಗ, ಕಾಶಿ, ಅಯೋಧ್ಯೆ, ಮಥುರೆ, ಕುರುಕ್ಷೇತ್ರ, ಬದರಿ. ಪೂರ್ವದಲ್ಲಿ ಪುರಿಯ ಜಗನ್ನಾಥ, ಅಹೋಬಲ, ಶ್ರೀಶೈಲ, ತಿರುಪತಿ, ಕಂಚಿ. ದಕ್ಷಿಣದಲ್ಲಿ ರಾಮೇಶ್ವರ, ಕನ್ಯಾಕುಮಾರಿ, ಅನಂತಶಯನ – ಹೀಗೆ ಒಂದೊಂದು ಕ್ಷೇತ್ರವೂ ಓದುಗನ ಕಣ್ಣಮುಂದೆ ಬಂದು ನಿಲ್ಲುತ್ತದೆ. ವಿಷ್ಣುಕ್ಷೇತ್ರಗಳಂತೆಯೇ ಶಿವ, ದುರ್ಗೆ, ಸುಬ್ರಹ್ಮಣ್ಯರ ಕ್ಷೇತ್ರಗಳಲ್ಲಿಯೂ ಶ್ರೀಗಳು ಭಕ್ತಿಯಿಂದ ತಲೆಬಾಗಿದ್ದಾರೆ. ತಾರತಮ್ಯದ ಅರಿವು ಮತ್ತು ಎಲ್ಲ ದೇವತೆಗಳಲ್ಲಿ ಗೌರವ ಇವೆರಡೂ ಒಟ್ಟಿಗೆ ಸಾಗಬೇಕೆಂಬ ಮಾಧ್ವ ಸಿದ್ಧಾಂತಕ್ಕೆ ಇದು ಅನುಷ್ಠಾನರೂಪದ ವ್ಯಾಖ್ಯಾನದಂತಿದೆ.

ದಾರಿಯಲ್ಲಿ ತಾವು ಪಟ್ಟ ಶ್ರಮವನ್ನು ಹೇಳಿಕೊಳ್ಳುವುದು ಈ ಕೃತಿಯ ಉದ್ದೇಶವಲ್ಲ. ಕ್ಷೇತ್ರದ ಪುರಾಣಪ್ರಸಿದ್ಧಿ, ಅಲ್ಲಿಯ ಮೂರ್ತಿಯ ವೈಶಿಷ್ಟ್ಯ, ಅಲ್ಲಿ ನಿಂತು ಬೇಡಬೇಕಾದ ವರ – ಇವುಗಳಿಗೇ ಪ್ರಾಧಾನ್ಯ. ನದಿಯನ್ನು ಕಂಡರೆ ತಾಯಿಯೊಡನೆ ಮಾತನಾಡುವಂತೆ ಮಾತನಾಡುತ್ತಾರೆ. ದೇವರ ಮುಂದೆ ನಿಂತರೆ ಸಲಿಗೆಯಿಂದ ಪ್ರಶ್ನಿಸಲೂ ಹಿಂಜರಿಯುವುದಿಲ್ಲ. ಆದ್ದರಿಂದಲೇ ಅಲ್ಲಿಗೆ ಹೋಗುವವನಿಗೆ ಇದು ಕೈಹಿಡಿದು ನಡೆಸುವ ಮಾರ್ಗದರ್ಶಿಯಾದರೆ, ಹೋಗಲಾಗದವನಿಗೆ ಮನೆಯಲ್ಲಿಯೇ ಯಾತ್ರೆಯನ್ನು ಮಾಡಿಸುವ ಸಾಧನವಾಗಿದೆ. ವೃದ್ಧಾಪ್ಯ, ಅನಾರೋಗ್ಯ, ಬಡತನ, ಗೃಹಕೃತ್ಯಗಳ ಭಾರ ಇವುಗಳಿಂದ ಹೊಸ್ತಿಲು ದಾಟಲಾಗದ ಎಷ್ಟೋ ಜೀವಗಳಿಗೆ ಈ ಗ್ರಂಥದ ಪಾರಾಯಣವೇ ತೀರ್ಥಯಾತ್ರೆಯಾಗಿ ಒದಗಿದೆ.

ತಿರುಮಲೆಯಲ್ಲಿ ಮತ್ತು ಕಂಚಿಯಲ್ಲಿ

ಶ್ರೀ ವಾದಿರಾಜರು ತಿರುಮಲೆಗೆ ಬಂದಾಗ ಆ ಬೆಟ್ಟವೆಲ್ಲವೂ ಸಾಲಗ್ರಾಮಮಯವಾಗಿ ಅವರಿಗೆ ಗೋಚರಿಸಿತೆಂದೂ, ಪಾದಸ್ಪರ್ಶ ಮಾಡಲು ಮನಸ್ಸಾಗದೆ ಮೊಣಕಾಲಿನಿಂದಲೇ ಬೆಟ್ಟವನ್ನು ಏರಿದರೆಂದೂ ಹಿರಿಯರು ಹೇಳುತ್ತಾರೆ. ಶ್ರೀನಿವಾಸನಿಗೆ ಅವರು ಸಾಲಗ್ರಾಮಗಳ ಮಾಲೆಯನ್ನು ಅರ್ಪಿಸಿದರೆಂಬ ಪ್ರತೀತಿಯೂ ಇದೆ. ಕ್ಷೇತ್ರವನ್ನು ತಲುಪುವುದು ಬೇರೆ, ಕ್ಷೇತ್ರದ ಮಹಿಮೆಯನ್ನು ಅರಿತು ಪ್ರವೇಶಿಸುವುದು ಬೇರೆ ಎಂಬ ಪಾಠವು ಈ ಪ್ರಸಂಗದಲ್ಲಿದೆ.

ಚೆನ್ನೈ ಮಹಾನಗರದ ಭಕ್ತರಿಗೆ ಇದು ವಿಶೇಷವಾಗಿ ಮನನೀಯ. ಶ್ರೀಗಳ ಕಾಲದಲ್ಲಿ ತಿರುವಲ್ಲಿಕೇಣಿಯ ಪಾರ್ಥಸಾರಥಿ, ಮೈಲಾಪುರದ ಕಪಾಲೀಶ್ವರರ ಸನ್ನಿಧಾನಗಳಿದ್ದರೂ ಮದರಾಸು ಎಂಬ ನಗರವಿನ್ನೂ ಹುಟ್ಟಿರಲಿಲ್ಲ. ಇಂಗ್ಲಿಷ್ ಕಂಪನಿಯು ಇಲ್ಲಿಯ ಕಡಲತೀರದಲ್ಲಿ ನೆಲೆಯನ್ನು ಪಡೆದುದು 1639ರಲ್ಲಿ, ಶ್ರೀಗಳು ಬೃಂದಾವನಸ್ಥರಾದ ಸುಮಾರು ನಾಲ್ಕು ದಶಕಗಳ ಬಳಿಕ. ಮುಂದೆ ಉದ್ಯೋಗ, ವಿದ್ಯೆ, ವ್ಯಾಪಾರಗಳಿಗಾಗಿ ಕನ್ನಡನಾಡಿನಿಂದ ಈ ನಗರಕ್ಕೆ ಬಂದ ಮಾಧ್ವ ಕುಟುಂಬಗಳಲ್ಲಿ ಹಿರಿಯರಿಗೆ ಉಡುಪಿಯೆಂದರೆ ನೆನಪು. ಇಲ್ಲಿಯೇ ಹುಟ್ಟಿದ ಮಕ್ಕಳಿಗೆ ಅದು ರಜೆಯಲ್ಲಿ ಕಾಣಬೇಕಾದ ಕನಸು. ತೀರ್ಥಪ್ರಬಂಧದಲ್ಲಿ ಈ ಇಬ್ಬರಿಗೂ ಸ್ಥಾನವಿದೆ. ಬಿಟ್ಟುಬಂದ ನಾಡು ಪಶ್ಚಿಮ ಪ್ರಬಂಧದಲ್ಲಿದೆ. ಬಂದು ನೆಲೆಸಿದ ನಾಡಿನ ಕಂಚಿಯೂ ನೆರೆಯ ತಿರುಪತಿಯೂ ಪೂರ್ವ ಪ್ರಬಂಧದಲ್ಲಿವೆ. ಚೆನ್ನೈಯಿಂದ ಸುಮಾರು 75 ಕಿಲೋಮೀಟರ್ ದೂರದ ಕಂಚಿಯ ವರದರಾಜನೂ ಹಿಮಾಲಯದ ಬದರೀನಾರಾಯಣನೂ ಒಂದೇ ಪ್ರದಕ್ಷಿಣೆಯ ಎರಡು ಸನ್ನಿಧಾನಗಳು. ಹತ್ತಿರವಿರುವುದರಿಂದ ಕಂಚಿಯು ಕಡಿಮೆಯಲ್ಲ. ದೂರವಿರುವುದರಿಂದ ಉಡುಪಿಯು ಅನ್ಯವಲ್ಲ.

ಸೋದೆಗೆ ಬಂದ ಬದರಿ

ಯಾತ್ರೆಯ ಫಲವನ್ನು ಶ್ರೀಗಳು ಗ್ರಂಥರೂಪದಲ್ಲಿ ಮಾತ್ರ ಹಂಚಲಿಲ್ಲ. ಇಂದಿನ ಉತ್ತರ ಕನ್ನಡ ಜಿಲ್ಲೆಯ ಶಿರಸಿ ತಾಲ್ಲೂಕಿನಲ್ಲಿರುವ ಸೋದೆಯಲ್ಲಿ ಅರಸಪ್ಪನಾಯಕನ ಭಕ್ತಿಗೆ ಒಲಿದು ನೆಲೆಸಿದ ಅವರು ಅಲ್ಲಿ ಶ್ರೀ ತ್ರಿವಿಕ್ರಮದೇವರನ್ನು ಪ್ರತಿಷ್ಠಾಪಿಸಿದರು. ಈ ಪ್ರತಿಮೆಯನ್ನು ಶ್ರೀಗಳ ಆಜ್ಞೆಯಂತೆ ಭೂತರಾಜರು ಬದರಿಯಿಂದ ರಥಸಹಿತವಾಗಿ ತಂದರೆಂದೂ, ದಾರಿಯಲ್ಲಿ ಅಡ್ಡಬಂದ ದೈತ್ಯನ ಮೇಲೆ ರಥದ ಒಂದು ಗಾಲಿಯನ್ನೇ ಕಿತ್ತು ಎಸೆದರೆಂದೂ ಸಂಪ್ರದಾಯವಿದೆ. ಬದರಿಗೆ ಹೋಗಲಾಗದ ಮಲೆನಾಡಿನ ಭಕ್ತರ ಬಳಿಗೆ ಬದರಿಯ ದೇವರೇ ಬಂದಂತಾಯಿತು. ಕುಡುಮವೆಂಬ ಊರಿನಲ್ಲಿ ಮಂಜುನಾಥನ ಪ್ರತಿಷ್ಠೆಯನ್ನು ನೆರವೇರಿಸಿ ಅದು ಧರ್ಮಸ್ಥಳವೆನಿಸುವಂತೆ ಅನುಗ್ರಹಿಸಿದವರೂ ಅವರೇ ಎಂಬುದು ಪ್ರಸಿದ್ಧವಾಗಿದೆ.

ಸಂಸ್ಕೃತವನ್ನು ಅರಿಯದವರು ವಂಚಿತರಾಗಬಾರದೆಂಬ ಕಾರುಣ್ಯದಿಂದ ಹಯವದನಾಂಕಿತದಲ್ಲಿ ಕನ್ನಡದ ಕೀರ್ತನೆಗಳನ್ನೂ ದೀರ್ಘಕೃತಿಗಳನ್ನೂ ರಚಿಸಿದರು. ವೈಕುಂಠವರ್ಣನೆಯು ಕಣ್ಣಿಗೆ ಕಾಣದ ಪರಮಧಾಮದ ದಾರಿಯನ್ನು ಕನ್ನಡದಲ್ಲಿ ತೋರಿಸಿದರೆ, ಲಕ್ಷ್ಮೀಶೋಭಾನೆಯು ಇಂದಿಗೂ ಮದುವೆಯ ಮನೆಗಳಲ್ಲಿ ಮುತ್ತೈದೆಯರ ಕಂಠದಲ್ಲಿ ನೆಲೆಸಿದೆ. ತುಳುವಿನಲ್ಲಿ ದಶಾವತಾರದ ಹಾಡನ್ನು ಅನುಗ್ರಹಿಸಿ ಆ ಭಾಷೆಗೂ ಗೌರವವನ್ನು ತಂದರು. ಕಡಲೆಬೇಳೆ, ಬೆಲ್ಲ, ತೆಂಗಿನಕಾಯಿಗಳಿಂದ ಸಿದ್ಧವಾಗುವ ಹಯಗ್ರೀವ ಮಡ್ಡಿಯನ್ನು ನೈವೇದ್ಯಕ್ಕೆಂದು ಮಾಡುವಾಗಲೆಲ್ಲ, ಶ್ರೀಗಳ ಹೆಗಲ ಮೇಲೆ ಮುಂಗಾಲುಗಳನ್ನಿರಿಸಿ ಅದನ್ನು ಸ್ವೀಕರಿಸಿದ ಹಯವದನನ ಕಥೆಯನ್ನು ಅಜ್ಜಿಯರು ಮಕ್ಕಳಿಗೆ ಹೇಳುತ್ತಲೇ ಬಂದಿದ್ದಾರೆ.

ಬೃಂದಾವನಪ್ರವೇಶ

ಮತ್ತೆ ಬಂದ ಶಾರ್ವರಿ ಸಂವತ್ಸರದ ಫಾಲ್ಗುಣ ಕೃಷ್ಣ ತೃತೀಯೆಯಂದು, ಕ್ರಿ.ಶ. 1600ರ ಲೆಕ್ಕದಲ್ಲಿ, ಶ್ರೀ ವಾದಿರಾಜರು ಸೋದೆಯಲ್ಲಿ ಬೃಂದಾವನವನ್ನು ಪ್ರವೇಶಿಸಿದರು. ಅರುವತ್ತು ಸಂವತ್ಸರಗಳ ಚಕ್ರವು ಅವರ ಜೀವನದಲ್ಲಿ ಎರಡು ಬಾರಿ ಸುತ್ತಿ ಮುಗಿಯಿತು. ದೇಶವನ್ನೆಲ್ಲ ಸುತ್ತಿದ ಯತಿವರೇಣ್ಯರು ಒಂದೆಡೆ ನೆಲೆನಿಂತರು. ಅಂದಿನಿಂದ ದೇಶದ ಭಕ್ತರೇ ಅವರಿರುವ ಸೋದೆಯನ್ನು ಅರಸಿಕೊಂಡು ಹೋಗತೊಡಗಿದರು. ಪಂಚಬೃಂದಾವನದ ಸನ್ನಿಧಿ, ಧವಳಗಂಗೆಯ ಕೊಳ, ತ್ರಿವಿಕ್ರಮನ ಆಲಯ ಇವು ಇಂದು ತಾವೇ ತೀರ್ಥಯಾತ್ರೆಯ ನೆಲೆಗಳಾಗಿವೆ.

ಇಂದು ಚೆನ್ನೈಯಿಂದ ಮಂಗಳೂರಿಗೆ ಒಂದು ರಾತ್ರಿಯ ರೈಲು ಪ್ರಯಾಣ ಸಾಕು. ಬದರಿಯ ಬಾಗಿಲಿನವರೆಗೂ ವಾಹನಗಳು ಹೋಗುತ್ತವೆ. ದಾರಿಯು ಸುಲಭವಾದಷ್ಟೂ ಯಾತ್ರೆಯು ಕೇವಲ ಪ್ರವಾಸವಾಗಿ ಮುಗಿದುಹೋಗುವ ಭಯವಿದೆ. ಕಂಡುಬಂದ ಕ್ಷೇತ್ರದ ಮಹಿಮೆಯನ್ನು ಮನೆಯ ಹಿರಿಯರು ಮಕ್ಕಳಿಗೆ ಕುಳ್ಳಿರಿಸಿ ಹೇಳುವ ಪದ್ಧತಿಯೂ ಕ್ಷೀಣಿಸುತ್ತಿದೆ. ಹೊರಡುವ ಮುನ್ನ ತೀರ್ಥಪ್ರಬಂಧದಲ್ಲಿ ಆ ಕ್ಷೇತ್ರದ ಶ್ಲೋಕಗಳನ್ನು ಅರ್ಥಸಹಿತ ಓದಿಕೊಂಡು, ಸನ್ನಿಧಾನದಲ್ಲಿ ಅವುಗಳನ್ನು ಪಠಿಸಿ, ಮರಳಿದ ಮೇಲೆ ಹೋಗಲಾಗದ ಬಂಧುಗಳಿಗೆ ಪ್ರಸಾದದೊಂದಿಗೆ ಆ ಅನುಭವವನ್ನೂ ಹಂಚಿದರೆ ಯಾತ್ರೆಯು ಸಾರ್ಥಕವಾಗುತ್ತದೆ. ಶ್ರೀ ವಾದಿರಾಜ ಗುರುಸಾರ್ವಭೌಮರು ತಮ್ಮ ಜೀವನದಿಂದ ತೋರಿಸಿಕೊಟ್ಟ ದಾರಿಯೂ ಇದೇ ಆಗಿದೆ. ಅವರ ಅಂತರ್ಯಾಮಿಯಾದ ಶ್ರೀ ಹಯವದನನು ಸಕಲ ಭಕ್ತರಿಗೂ ಅಂತಹ ಯಾತ್ರೆಯ ಭಾಗ್ಯವನ್ನು ಕರುಣಿಸಲಿ.

॥ ಶ್ರೀಕೃಷ್ಣಾರ್ಪಣಮಸ್ತು ॥