ಪಕ್ಷಿಪ್ರೇಮಿ ಸಲೀಂ ಅಲಿ

ಮಕ್ಕಳೇ, ಮಂದ್ರೂಪದಂಥ ನಮ್ಮ ಎರೆಹೊಲದ ಊರುಗಳಿಗೆ ಹೇಳವರು ಬರುವುದನ್ನು ನೀವು ನೋಡಿರಬಹುದು. ಮನೆಮನೆಯ ಹಿರಿಯರ ಹೆಸರುಗಳನ್ನು ಅವರು ತಲೆಮಾರುಗಳ ಹಿಂದಿನಿಂದ ಓದಿ ಹೇಳುತ್ತಾರೆ. ಊರು ಬಿಟ್ಟುಹೋದ ಕವಲಿನ ಹೆಸರು ಅವರ ಹೊತ್ತಿಗೆಯಲ್ಲೂ ಸಿಗದಿರುವುದುಂಟು. ಹಕ್ಕಿಗಳಿಗೂ ಇಂಥ ವಂಶಾವಳಿ ಇದೆ. ಆದರೆ ಯಾವ ಹಕ್ಕಿ ಎಲ್ಲಿದೆ ಎಂಬುದೇ ತಿಳಿಯದಿದ್ದರೆ ಅದನ್ನು ಬರೆಯುವುದು ಹೇಗೆ? ಆ ತಿಳಿವಳಿಕೆಗಾಗಿ ಜೀವ ಸವೆಸಿದವರು ಡಾ. ಸಲೀಂ ಅಲಿ.

ಅವರು 1896ರ ನವೆಂಬರ್ 12ರಂದು ಮುಂಬೈಯಲ್ಲಿ ಜನಿಸಿದರು. ಚಿಕ್ಕಂದಿನಲ್ಲೇ ತಂದೆತಾಯಿ ತೀರಿಕೊಂಡರು. ಸೋದರಮಾವ ಅಮೀರುದ್ದೀನ್ ತ್ಯಾಬ್ಜಿಯವರು ಸಾಕಿದರು. ಸುಮಾರು ಹತ್ತು ವರ್ಷದವರಿದ್ದಾಗ ಸಲೀಂ ಏರ್‌ಗನ್ನಿನಿಂದ ಒಂದು ಗುಬ್ಬಿಯನ್ನು ಹೊಡೆದರು. ಎತ್ತಿ ನೋಡಿದರೆ ಕೊರಳಲ್ಲಿ ಹಳದಿ ಮಚ್ಚೆ! ಅದು ಯಾವ ಹಕ್ಕಿಯೆಂದು ಮಾವನಿಗೂ ತಿಳಿಯಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. ಅಲ್ಲಿನ ಕಾರ್ಯದರ್ಶಿ ಮಿಲ್ಲಾರ್ಡ್ ಸಾಹೇಬರು ಕಪಾಟುಗಳನ್ನು ತೆರೆದು, ಒಳಗೆ ಹತ್ತಿ ತುಂಬಿಟ್ಟ ನೂರಾರು ಹಕ್ಕಿಗಳನ್ನು ತೋರಿಸಿದರು. ಹುಡುಗನ ದಾರಿ ಅಂದೇ ತಿರುಗಿತು.

ಮುಂದೆ ಬರ್ಲಿನ್ನಿನಲ್ಲಿ ಪಕ್ಷಿಶಾಸ್ತ್ರ ಕಲಿತು ಮರಳಿದಾಗ ಅವರಿಗೆ ನೌಕರಿ ಇರಲಿಲ್ಲ. ಆಗ ಸಂಬಳ ಕೇಳದೆ, ಖರ್ಚು ಮಾತ್ರ ಪಡೆದು ಸಂಸ್ಥಾನಗಳ ಹಕ್ಕಿಗಳ ಸಮೀಕ್ಷೆಗೆ ಹೊರಟರು. ಹೈದರಾಬಾದು, ತಿರುವಾಂಕೂರುಗಳ ಕಾಡುಮೇಡು ಅಲೆದರು. ಪತ್ನಿ ತೆಹಮೀನಾ ಜೊತೆಗಿರುತ್ತಿದ್ದರು. 1939ರಲ್ಲಿ ಅವರು ತೀರಿಕೊಂಡರು. ಆ ದುಃಖದಲ್ಲೂ 1939–40ರಲ್ಲಿ ಮೈಸೂರಿನ ಸಮೀಕ್ಷೆ ನಡೆಯಿತು. ಭಾರತದ ಹಕ್ಕಿಗಳನ್ನು ಕುರಿತ ಅವರ ಹೆಸರಾಂತ ಪುಸ್ತಕ 1941ರಲ್ಲಿ ಬಂದಿತು.

ಆದರೆ ಎಲ್ಲ ಹಕ್ಕಿಗಳ ಲೆಕ್ಕ ಮುಗಿಯಲಿ, ಆಮೇಲೆ ರಕ್ಷಣೆ ಎಂದು ಅವರು ಕಾಯಲಿಲ್ಲ. ನಮ್ಮ ಮಾಳಢೋಕವನ್ನೇ ನೋಡಿ. ಕನ್ನಡದಲ್ಲಿ ಇದಕ್ಕೆ ಎರೆಭೂತ ಎಂಬ ಹೆಸರೂ ಇದೆ. ಸುಮಾರು ಒಂದು ಮೀಟರು ಎತ್ತರದ ಈ ಹಕ್ಕಿ ಬಯಲಿನ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ರಾಷ್ಟ್ರಪಕ್ಷಿಯ ಆಯ್ಕೆಯ ಮಾತು ಬಂದಾಗ ಸಲೀಂ ಅಲಿಯವರು ಇದರ ಪರವಾಗಿ ನಿಂತರು. 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ನವಿಲು ಚೆಂದದ ಹಕ್ಕಿಯೇ. ಕಷ್ಟದಲ್ಲಿದ್ದುದು ಮಾತ್ರ ಮಾಳಢೋಕ. 1979ರಲ್ಲಿ ಸೊಲ್ಲಾಪುರದ ಬಳಿಯ ನಾನ್ನಜದಲ್ಲಿ ಅದಕ್ಕಾಗಿ ಅಭಯಾರಣ್ಯವಾಯಿತು. 1987ರ ಜೂನ್ 20ರಂದು ಸಲೀಂ ಅಲಿಯವರು ನಿಧನರಾದರು.

2012ರಲ್ಲಿ ವಿಜ್ಞಾನಿಗಳು ಜಗತ್ತಿನ 9,993 ಪಕ್ಷಿಜಾತಿಗಳ ವಂಶವೃಕ್ಷ ರಚಿಸಿದರು. ಸುಮಾರು ಮೂರನೆಯ ಒಂದು ಭಾಗದ ಜಾತಿಗಳಿಗೆ ಡಿಎನ್‌ಎ ಮಾಹಿತಿ ಇರಲಿಲ್ಲ. ಅವುಗಳನ್ನು ಹತ್ತಿರದ ಬಂಧುಗಳ ನಡುವೆ, ಇರಬಹುದಾದ ಬೇರೆ ಬೇರೆ ಜಾಗಗಳಲ್ಲಿ ಇಟ್ಟು ಸಾವಿರಾರು ವೃಕ್ಷಗಳನ್ನು ಮಾಡಿ ನೋಡಿದರು. ಮೊದಲು ಯಾವುದನ್ನು ಉಳಿಸಬೇಕು? ಹಲವು ಕವಲಿನ ಮನೆತನದಲ್ಲಿ ಒಂದು ಹೋದರೂ ಬಂಧುಗಳಿರುತ್ತಾರೆ. ಒಂಟಿ ಕವಲು ಹೋದರೆ ಮನೆತನವೇ ಅಳಿಯುತ್ತದೆ. ಹೀಗೆ ವಂಶದ ಒಂಟಿತನವನ್ನೂ ಅಪಾಯವನ್ನೂ ಕೂಡಿಸಿ ಅಳೆದು, ಅಪೂರ್ಣ ವೃಕ್ಷದಿಂದಲೇ ಪಟ್ಟಿ ಮಾಡಿದರು. ಅದರಲ್ಲಿ ಮಾಳಢೋಕವೂ ಇದೆ.

ಇಂದು ಜಗತ್ತಿನಲ್ಲಿ ಉಳಿದಿರುವ ಮಾಳಢೋಕಗಳು 200ಕ್ಕಿಂತ ಕಡಿಮೆ. ನಾನ್ನಜದ ಹುಲ್ಲುಗಾವಲಿನಲ್ಲಿ ಈಗ ಒಂದು ಕಂಡರೂ ಸುದ್ದಿಯಾಗುತ್ತದೆ.