ವೈದ್ಯೆಯಾದ ಕನ್ಯಾಸ್ತ್ರೀ ಮೇರಿ ಗ್ಲೌರಿ

1957ರ ಮೇ 5ರಂದು ನಮ್ಮ ಬೆಂಗಳೂರು ನಗರದಲ್ಲಿ ಎಪ್ಪತ್ತರ ಹೊಸ್ತಿಲಲ್ಲಿದ್ದ ಕನ್ಯಾಸ್ತ್ರೀಯೊಬ್ಬರು ಕ್ಯಾನ್ಸರ್ ವ್ಯಾಧಿಯಿಂದ ನಿಧನರಾದರು. ಆಸ್ಟ್ರೇಲಿಯದಲ್ಲಿ ಹುಟ್ಟಿ, ಆಂಧ್ರದ ಗುಂಟೂರಿನಲ್ಲಿ ಬಾಳೆಲ್ಲ ದುಡಿದು, ಕೊನೆಯುಸಿರನ್ನು ನಮ್ಮೂರಿನಲ್ಲಿ ಬಿಟ್ಟ ಅವರ ಹೆಸರು ಡಾ. ಮೇರಿ ಗ್ಲೌರಿ. ಸಂತ ಜಾನರ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಮಗುವನ್ನು ಎತ್ತಿಕೊಂಡು ಹೋಗುವ ನಮ್ಮ ಕುಟುಂಬಗಳು ಈ ಹೆಸರನ್ನು ಅರಿತಿರುವುದು ಉಚಿತ. ಆ ಸಂಸ್ಥೆಯ ಕಟ್ಟಡಕ್ಕೆ ಕಲ್ಲು ಕೂಡುವ ಮೊದಲೇ ಅಂಥ ಸಂಸ್ಥೆಯೊಂದರ ಕನಸನ್ನು ಕಂಡವರಲ್ಲಿ ಅವರು ಪ್ರಮುಖರು.

ಮೇರಿ 1887ರ ಜೂನ್ 23ರಂದು ವಿಕ್ಟೋರಿಯ ಪ್ರಾಂತ್ಯದ ಬಿರೆಗರ ಎಂಬ ಸಣ್ಣ ಊರಿನಲ್ಲಿ ಜನಿಸಿದರು. ಮಕ್ಕಳು ತುಂಬಿದ ಸಾಧಾರಣ ಕುಟುಂಬ. ಜಾಣ್ಮೆಯಿಂದ ವಿದ್ಯಾರ್ಥಿವೇತನ ಗಳಿಸಿದ ಆ ಬಾಲೆ ಮೆಲ್ಬರ್ನ್ ವಿಶ್ವವಿದ್ಯಾಲಯವನ್ನು ಸೇರಿದರು. ಹೆಣ್ಣುಮಕ್ಕಳು ವೈದ್ಯವಿದ್ಯೆ ಕಲಿಯುವುದೇ ಅಪರೂಪವಾಗಿದ್ದ ಆ ಕಾಲದಲ್ಲಿ 1910ರಲ್ಲಿ ವೈದ್ಯ ಪದವಿಯನ್ನು ಪಡೆದರು. ಮುಂದೆ ಮೆಲ್ಬರ್ನ್ ನಗರದಲ್ಲಿ ನೇತ್ರಚಿಕಿತ್ಸೆಯ ಅನುಭವವನ್ನೂ ಒಳ್ಳೆಯ ಹೆಸರನ್ನೂ ಸಂಪಾದಿಸಿದರು. ಸುಖವಾದ ಬದುಕು ಕೈಗೆಟಕುವಂತಿತ್ತು.

1915ರಲ್ಲಿ ಅವರ ಕೈಗೆ ಒಂದು ಕಿರುಹೊತ್ತಿಗೆ ಬಂದಿತು. ಅದು ಸ್ಕಾಟ್ಲೆಂಡಿನ ಡಾ. ಆಗ್ನೆಸ್ ಮೆಕ್‌ಲಾರೆನ್ ಅವರನ್ನು ಕುರಿತದ್ದು. ವೃದ್ಧಾಪ್ಯದಲ್ಲಿ ಭಾರತಕ್ಕೆ ಬಂದು, ರಾವಲ್ಪಿಂಡಿಯಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಆಸ್ಪತ್ರೆಯನ್ನು ತೆರೆಯಲು ಶ್ರಮಿಸಿದ ಮಹಿಳೆ ಆಕೆ. ಪರಪುರುಷರು ಮೈ ಮುಟ್ಟಿ ಪರೀಕ್ಷಿಸಬಾರದೆಂಬ ಕಟ್ಟುಪಾಡಿನಿಂದ ತಾಯಂದಿರೂ ಅವರ ಹಸುಳೆಗಳೂ ಚಿಕಿತ್ಸೆಯಿಲ್ಲದೆ ಸಾಯುತ್ತಿದ್ದ ಸಂಗತಿಯನ್ನು ಓದಿದಾಗ ಮೇರಿಯವರಿಗೆ ತಮ್ಮ ಜೀವನದ ದಾರಿ ನಿಚ್ಚಳವಾಯಿತು. 1919ರಲ್ಲಿ ಎಂ.ಡಿ. ಪದವಿಯನ್ನು ಮುಗಿಸಿ, 1920ರಲ್ಲಿ ಗುಂಟೂರಿಗೆ ಬಂದರು. ಅಲ್ಲಿ ಯೇಸು ಮರಿಯ ಜೋಸೆಫರ ಸಭೆಯನ್ನು ಸೇರಿ ಪವಿತ್ರ ಹೃದಯದ ಸಿಸ್ಟರ್ ಮೇರಿಯಾದರು.

ಇಲ್ಲೊಂದು ತೊಡಕಿತ್ತು. ಕನ್ಯಾಸ್ತ್ರೀಯರು ವೈದ್ಯವೃತ್ತಿಯನ್ನು, ಅದರಲ್ಲೂ ಹೆರಿಗೆಯ ಚಿಕಿತ್ಸೆಯನ್ನು ನಡೆಸಲು ಆಗಿನ ಧರ್ಮಸಭೆಯ ಕಟ್ಟಳೆಗಳು ಅವಕಾಶ ನೀಡುತ್ತಿರಲಿಲ್ಲ. ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಅವರಿಗೆ ವಿಶೇಷ ಅನುಮತಿಯನ್ನಿತ್ತರು. ಎಲ್ಲ ಧರ್ಮಭಗಿನಿಯರಿಗೂ ಆ ಬಾಗಿಲು ತೆರೆದದ್ದು 1936ರಲ್ಲಿ. ಕಟ್ಟಳೆಗಿಂತ ಕೂಸಿನ ಪ್ರಾಣ ದೊಡ್ಡದೆಂಬುದನ್ನು ಧರ್ಮಸಭೆ ಮನಗಾಣಲು ಇಂಥವರ ದುಡಿಮೆ ನೆರವಾಯಿತೆಂದರೆ ತಪ್ಪಾಗಲಾರದು.

ಸಿಸ್ಟರ್ ಮೇರಿ ತೆಲುಗು ಕಲಿತರು. ಸಣ್ಣ ಔಷಧಾಲಯವಾಗಿದ್ದುದು ಅವರ ಶ್ರಮದಿಂದ ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಯಿತು. ಆ ಕಾಲದ ವೈದ್ಯರ ಅಸಹಾಯಕತೆಯನ್ನು ನಾವು ನೆನೆಯಬೇಕು. ಫ್ಲೆಮಿಂಗರು ಪೆನಿಸಿಲಿನನ್ನು ಗುರುತಿಸಿದ್ದು 1928ರಲ್ಲಿ. ಅದು ಔಷಧವಾಗಿ ಜನರ ಕೈಗೆ ಬಂದದ್ದು 1940ರ ದಶಕದಲ್ಲಿ. ಅಲ್ಲಿಯವರೆಗೆ ನ್ಯುಮೋನಿಯಾ, ಗಂಟಲುಮಾರಿ, ಎಳೆಗೂಸಿನ ಧನುರ್ವಾಯು, ಮಿದುಳುಪೊರೆಯ ಉರಿಯೂತ, ರಕ್ತಕ್ಕೇರಿದ ನಂಜು ಇವುಗಳ ಮುಂದೆ ವೈದ್ಯರ ಬಳಿ ಇದ್ದ ಸಾಧನಗಳು ಅತ್ಯಲ್ಪ. ಕಣ್ಣಿಟ್ಟು ನೋಡುವುದು, ಕಿವಿಗೊಟ್ಟು ಆಲಿಸುವುದು, ಕೈಯಿಟ್ಟು ಮುಟ್ಟುವುದು, ಶುಚಿತ್ವವನ್ನು ಕಾಯುವುದು ಇವೇ ಅವರಿಗೆ ಆಧಾರವಾಗಿದ್ದವು.

ಒಬ್ಬ ವೈದ್ಯೆಯ ಎರಡು ಕಣ್ಣುಗಳು ಸಾಲವೆಂಬುದನ್ನು ಅವರು ಬೇಗನೆ ಅರಿತರು. ಆದುದರಿಂದ ಸ್ಥಳೀಯ ಹೆಣ್ಣುಮಕ್ಕಳನ್ನು ದಾದಿಯರಾಗಿ, ಸೂಲಗಿತ್ತಿಯರಾಗಿ, ಔಷಧ ಕೊಡುವವರಾಗಿ ತರಬೇತುಗೊಳಿಸಿದರು. 1943ರಲ್ಲಿ ಇನ್ನೂ ಕೆಲವು ಧರ್ಮಭಗಿನಿಯರೊಡನೆ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಸ್ಥಾಪಿಸಿದರು. ಇಂದು ಅದು ಭಾರತದ ಕಥೋಲಿಕ ಆರೋಗ್ಯ ಸಂಘವಾಗಿ ದೇಶಾದ್ಯಂತ ಸಾವಿರಾರು ಆಸ್ಪತ್ರೆ, ಚಿಕಿತ್ಸಾಲಯಗಳನ್ನು ಬೆಸೆದಿದೆ. ನಮ್ಮದೇ ಆದ ವೈದ್ಯಕೀಯ ಕಾಲೇಜು ಬೇಕೆಂದು ಅವರು ಒತ್ತಾಯಿಸುತ್ತಲೇ ಬಂದರು. ಅವರು ತೀರಿಕೊಂಡ ಆರು ವರ್ಷಗಳ ಬಳಿಕ, 1963ರಲ್ಲಿ, ಸಂತ ಜಾನರ ವೈದ್ಯಕೀಯ ಕಾಲೇಜು ಕಂಟೋನ್ಮೆಂಟಿನ ಕುಕ್ ಟೌನ್ ಬಳಿಯ ತಾತ್ಕಾಲಿಕ ನೆಲೆಯಲ್ಲಿ ಆರಂಭವಾಯಿತು. ಕೋರಮಂಗಲದ ವಿಶಾಲ ಆವರಣಕ್ಕೆ ಹೋದದ್ದು ಅನಂತರ. 2013ರಲ್ಲಿ ಧರ್ಮಸಭೆ ಸಿಸ್ಟರ್ ಮೇರಿಯವರನ್ನು ದೇವರ ಸೇವಕಿ ಎಂದು ಸಾರಿತು.

ಇಂದು ಔಷಧಗಳಿಗೆ ಕೊರತೆಯಿಲ್ಲ. ಶಿವಾಜಿನಗರದಲ್ಲಿ ಬೌರಿಂಗ್ ಆಸ್ಪತ್ರೆ ಇದೆ, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆ ಇದೆ. 108ಕ್ಕೆ ಕರೆ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ಆದರೂ ಮಕ್ಕಳು ಸಾಯುವುದುಂಟು. ಕಾರಣಗಳಲ್ಲಿ ಮುಖ್ಯವಾದುದು ಗುರುತಿಸುವುದರಲ್ಲಿ ಆಗುವ ವಿಳಂಬ. ತುರ್ತು ಚಿಕಿತ್ಸಾ ಘಟಕಕ್ಕೆ ಬರುವ ಜ್ವರದ ಮಕ್ಕಳಲ್ಲಿ ಬಹುಪಾಲು ವೈರಾಣುವಿನ ಸಾಮಾನ್ಯ ಜ್ವರದವರು. ಕೆಲವೇ ದಿನಗಳಲ್ಲಿ ಅವರು ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಆ ಗುಂಪಿನಲ್ಲಿ ಬ್ಯಾಕ್ಟೀರಿಯಾದ ಘೋರ ಸೋಂಕು ತಗುಲಿದ ಮಗು ಒಂದೋ ಎರಡೋ ಇರಬಹುದು. ಮೊದಲ ಗಂಟೆಗಳಲ್ಲಿ ಎಲ್ಲ ಮಕ್ಕಳೂ ಒಂದೇ ಬಗೆಯಾಗಿ ಕಾಣುತ್ತಾರೆ. ಥರ್ಮಾಮೀಟರಿನ ಅಂಕಿಯೊಂದೇ ಅವರನ್ನು ಬೇರ್ಪಡಿಸಲಾರದು.

ಹಾಗಾದರೆ ಯಾವುದನ್ನು ನೋಡಬೇಕು? ವಿಶ್ವ ಆರೋಗ್ಯ ಸಂಸ್ಥೆಯೂ ಯುನಿಸೆಫ್ ಸಂಸ್ಥೆಯೂ ರೂಪಿಸಿ ನಮ್ಮ ದೇಶ ಅಳವಡಿಸಿಕೊಂಡಿರುವ ಕ್ರಮ ಸರಳವಾಗಿದೆ. ಮಗು ಹಾಲನ್ನಾಗಲಿ ನೀರನ್ನಾಗಲಿ ಕುಡಿಯಲಾರದಿದ್ದರೆ, ಕುಡಿದುದನ್ನೆಲ್ಲ ವಾಂತಿ ಮಾಡಿಕೊಂಡರೆ, ಫಿಟ್ಸ್ ಬಂದರೆ, ಎಬ್ಬಿಸಿದರೂ ಏಳದೆ ಮಂಕಾಗಿ ಬಿದ್ದಿದ್ದರೆ ಅದು ಅಪಾಯದ ಚಿಹ್ನೆ. ಕೆಮ್ಮು ಅಥವಾ ಉಸಿರಿನ ತೊಂದರೆ ಇರುವಾಗ, ಮಗು ಅಳದೆ ಶಾಂತವಾಗಿರುವ ಹೊತ್ತಿನಲ್ಲಿ ಒಂದು ನಿಮಿಷ ಪೂರ್ತಿ ಉಸಿರನ್ನು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಒಂದು ವರ್ಷದೊಳಗಿನ ಮಗುವಿಗೆ 50, ಒಂದರಿಂದ ಐದು ವರ್ಷದವರಿಗೆ 40 ಅಥವಾ ಅದಕ್ಕೂ ಹೆಚ್ಚಾದರೆ ಉಸಿರು ವೇಗವಾಗಿದೆಯೆಂದು ಅರ್ಥ. ಉಸಿರೆಳೆದಾಗ ಎದೆಯ ಕೆಳಭಾಗ ಒಳಕ್ಕೆ ಸೆಳೆದುಕೊಂಡರೆ ತಡಮಾಡಲಾಗದು.

ಇವಲ್ಲದೆ ಕುತ್ತಿಗೆ ಬಿಗಿದಿರುವುದು, ಕೂಸಿನ ನೆತ್ತಿ ಉಬ್ಬಿರುವುದು, ಮೈ ಬಿಸಿಯಾಗಿದ್ದು ಕೈಕಾಲು ತಣ್ಣಗಿರುವುದು, ಗಾಜಿನ ಲೋಟವನ್ನು ಒತ್ತಿ ನೋಡಿದರೂ ಮಾಯವಾಗದ ಕೆಂಪು ಅಥವಾ ನೇರಳೆ ಮಚ್ಚೆಗಳು, ಬಹಳ ಹೊತ್ತು ಮೂತ್ರ ಮಾಡದಿರುವುದು ಇವೂ ಎಚ್ಚರಿಕೆಯ ಗಂಟೆಗಳೇ. ಮೂರು ತಿಂಗಳೊಳಗಿನ ಕೂಸಿಗೆ 100.4 ಡಿಗ್ರಿ ಜ್ವರ ಬಂದರೆ ಬೇರೆ ಯಾವ ಲಕ್ಷಣಕ್ಕೂ ಕಾಯದೆ ಆಸ್ಪತ್ರೆಗೆ ಒಯ್ಯಬೇಕು. ಅಷ್ಟು ಎಳೆಯ ಕೂಸು ಜ್ವರವೇ ಇಲ್ಲದೆ ಮೈ ತಣ್ಣಗಾಗಿ ಹಾಲು ಬಿಟ್ಟರೂ ಅಷ್ಟೇ ಅಪಾಯ. ವೈದ್ಯರು ನೋಡಿ ಮನೆಗೆ ಕಳುಹಿಸಿದ ಮೇಲೂ ಮಗು ಸೊರಗುತ್ತಿದ್ದರೆ ಅದೇ ರಾತ್ರಿ ಮರಳಿ ಹೋಗಲು ಸಂಕೋಚ ಬೇಡ. ಇಂದಿನ ಮಗು ತನ್ನ ಎಂದಿನ ಮಗುವಿನಂತಿಲ್ಲವೆಂದು ತಾಯಿ ಹೇಳಿದರೆ, ಒಳ್ಳೆಯ ವೈದ್ಯರು ಆ ಮಾತನ್ನೂ ಒಂದು ರೋಗಲಕ್ಷಣವೆಂದೇ ಪರಿಗಣಿಸುತ್ತಾರೆ.

ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿಂಗಡಿಸುವಾಗ, ಹಠಾತ್ತನೆ ಎದುರಾದ ಸನ್ನಿವೇಶವನ್ನು ಕೂಡಲೇ ಗ್ರಹಿಸುವ ಚುರುಕನ್ನು ಅದರ ಒಂದು ಅಂಗವಾಗಿ ಎಣಿಸಿದ್ದಾರೆ. ಹಿಂದಿನದನ್ನು ನೆನಪಿಡುವುದು, ಬಲ್ಲವರಿಂದ ಕಲಿಯುವುದು ಇವೂ ಅವರ ಪಟ್ಟಿಯಲ್ಲಿವೆ. ವಿವೇಕವೆಂದರೆ ಹಿಂಜರಿಕೆ ಎಂದು ನಾವು ತಪ್ಪಾಗಿ ಭಾವಿಸುತ್ತೇವೆ. ಮಗುವಿನ ಹಾಸಿಗೆಯ ಪಕ್ಕದಲ್ಲಿ ವಿವೇಕವು ಹೊತ್ತಿಗೆ ಸರಿಯಾಗಿ ಎದ್ದು ಹೊರಡುವುದೇ ಆಗಿರುತ್ತದೆ.

ನಮ್ಮ ಮನೆಗಳಲ್ಲಿ ಮಗು ಮಂಕಾದರೆ ದೃಷ್ಟಿ ತೆಗೆಯುವವರುಂಟು, ಔಷಧಿ ಅಂಗಡಿಯಲ್ಲಿ ಕೇಳಿ ಆಂಟಿಬಯಾಟಿಕ್ ಕುಡಿಸುವವರುಂಟು, ಬೆಳಗಾಗಲೆಂದು ಕಾಯುವವರೂ ಉಂಟು. ಶಿವಾಜಿನಗರದ ಸಂತ ಮರಿಯಮ್ಮನವರ ಬಸಿಲಿಕಕ್ಕೆ ಹರಕೆ ಹೊರುವುದು ಒಳ್ಳೆಯದೇ. ಆ ಹರಕೆಯನ್ನು ಆಸ್ಪತ್ರೆಯ ದಾರಿಯಲ್ಲೂ ಹೊರಬಹುದು, ಮೊಂಬತ್ತಿಯನ್ನು ಮಗು ಗುಣವಾದ ಮೇಲೂ ಹಚ್ಚಬಹುದು. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತವಾಗಿ ದೊರೆಯುವ ಪೆಂಟಾವೇಲೆಂಟ್ ಮತ್ತು ನ್ಯುಮೊಕಾಕಲ್ ಲಸಿಕೆಗಳನ್ನು ಸಕಾಲದಲ್ಲಿ ಹಾಕಿಸುವುದು ಅದಕ್ಕೂ ಮೊದಲಿನ ಕರ್ತವ್ಯ.

ಮೇರಿ ಗ್ಲೌರಿ ಕಡಲು ದಾಟಿ ಬಂದದ್ದು ಯಾರ ಮಕ್ಕಳಿಗಾಗಿಯೋ. ನಮ್ಮ ತೊಡೆಯ ಮೇಲಿರುವುದು ನಮ್ಮದೇ ಮಗು. ಈ ರಾತ್ರಿ ಅದಕ್ಕೆ ಜ್ವರ ಬಂದರೆ ದೀಪ ಹಾಕಿ, ಅಂಗಿಯನ್ನು ಮೇಲೆತ್ತಿ, ಗಡಿಯಾರವನ್ನು ಎದುರಿಟ್ಟುಕೊಂಡು ಉಸಿರನ್ನೆಣಿಸೋಣ. ಆ ಒಂದು ನಿಮಿಷದ ಗಮನವೇ ಅವರ ನೆನಪಿಗೆ ನಾವು ಸಲ್ಲಿಸಬಹುದಾದ ಯೋಗ್ಯ ಗೌರವ.